ಬೀಜ ತೆಗೆಯದ ಶರಬತ್ತು

"ಯಾರಪ್ಪನ ಮನೆ ಗಾಜೇ ಇದು, ಮುದಿ ಮುಂಡೆ?"

ಮ್ಯಾನೇಜರ್ ಅತ್ತೆಯ ಕೈಯಿಂದ ಲೋಟ ಕಿತ್ತುಕೊಂಡು ಬಿಸಿಲಿಗೆ ಹಿಡಿದ. ಒಳಗೆ ಆಗಷ್ಟೇ ಹಿಂಡಿದ ನಿಂಬೆರಸ, ಇನ್ನೂ ಕರಗದ ಸಕ್ಕರೆ. ಲೋಟ ಒಂದು ಕಡೆಗೆ ವಾಲಿತ್ತು, ತಳದಲ್ಲಿ ಕಡಲೆಕಾಳಿನಷ್ಟು ದಪ್ಪದ ಗಾಳಿಗುಳ್ಳೆ. ನಮ್ಮ ಕಾರ್ಖಾನೆಯ ಭಟ್ಟಿಯಲ್ಲೇ ಹುಟ್ಟಿದ್ದು. ಪ್ಯಾಕಿಂಗ್ ಶೆಡ್ಡಿನಲ್ಲಿ ಬೆಳಕಿಗೆ ಹಿಡಿದು ನೋಡಿ, ಇದು ನಡೆಯುವುದಿಲ್ಲ ಎಂದು ತೆಗೆದಿಟ್ಟವಳು ನಾನೇ.

"ಕಾರ್ಖಾನೇದೇ ಸ್ವಾಮಿ," ಅತ್ತೆ ಕೂತಲ್ಲಿಂದಲೇ ಅಂದಳು. "ಸೊಟ್ಟ ಲೋಟ. ನಿಮ್ಮಂಥೋರು ಬೇಡ ಅಂತ ಎಸೆದಿದ್ದು, ನಮ್ಮಂಥೋರಿಗೆ ಸಾಕು ಅಂತ ಇಟ್ಕೊಂಡೆ."

"ಸೊಟ್ಟಗಿರೋದನ್ನ ಒಡೆದು ವಾಪಸ್ ಭಟ್ಟಿಗೆ ಹಾಕ್ಬೇಕು ಅಂತ ರೂಲ್ಸ್ ಇದೆ. ಇದು ಕಳ್ಳತನ!"

"ಹೌದು ಸಾರ್, ಕಳ್ಳತನ," ಅಂದ ಪಕ್ಕದಲ್ಲಿದ್ದ ಸೂಪರ್ವೈಸರ್. ಇವನಿಗೆ ನಾವಿಟ್ಟ ಹೆಸರು ಹೌದಪ್ಪ. ಮ್ಯಾನೇಜರ್ ಸೀನಿದರೂ ಹೌದು ಸಾರ್ ಅನ್ನುವ ಆಸಾಮಿ.

ಮ್ಯಾನೇಜರ್ ಲೋಟವನ್ನು ನೀರಿನ ತೊಟ್ಟಿಯ ಅಂಚಿಗೆ ಬಡಿದ. ರಸ ಚೆಲ್ಲಿತು, ಗಾಜು ಮೂರು ಚೂರಾಯಿತು. ಅದು ನನ್ನ ಗಂಡನ ಲೋಟ. ಭಟ್ಟಿಯ ಬಾಯಿಂದ ಎದ್ದುಬಂದು ಅವನು ಲೋಟಕ್ಕೆಂದು ಕೈ ಚಾಚಿ ನಿಂತಿದ್ದ. ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಅವನಿಗೆ ಮರೆತುಹೋಯಿತು.

"ಒಡೀರಿ ಸ್ವಾಮಿ, ಒಡೀರಿ." ಅತ್ತೆ ಬರಿಗೈಯಲ್ಲೇ ಚೂರುಗಳನ್ನು ಆಯತೊಡಗಿದಳು. "ಭಟ್ಟಿಗೇ ಹೋಗುತ್ತೆ, ಕರಗುತ್ತೆ, ನನ್ನ ಮಗನೇ ಊದ್ತಾನೆ, ಮತ್ತೆ ಸೊಟ್ಟಗೇ ಹುಟ್ಟುತ್ತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ."

ಭಟ್ಟಿಯ ಕಡೆ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ತಿರುಗಿ ನೋಡಿದರೆ ಅರವತ್ತು ಜನವೂ ಗಂಭೀರ. ಸಿಟ್ಟೆಲ್ಲ ಮತ್ತೆ ಅತ್ತೆಯ ಮೇಲೇ ತಿರುಗಿತು.

"ನಿನ್ನ ಕೈ ನೋಡ್ಕೊಂಡಿದೀಯಾ? ಥೂ! ಈ ಕೊಳಕು ಕೈಯಲ್ಲಿ ಹಿಂಡಿದ್ದನ್ನ ಜನಕ್ಕೆ ಕುಡಿಸ್ತೀಯಲ್ಲ, ನಾಚಿಕೆ ಆಗಲ್ವಾ? ನಾಳೆಯಿಂದ ಗೇಟೊಳಗೆ ಕಾಲಿಟ್ರೆ ಕಾಲು ಮುರೀತೀನಿ. ಮೆಷಿನ್ ಬರ್ತಾ ಇದೆ, ತಿಳೀತಾ? ಕೈ ಮುಟ್ಟದ ಶರಬತ್ತು."

"ಕೈ ಮುಟ್ಟದ್ದು," ಅಂದ ಹೌದಪ್ಪ.

ಅತ್ತೆಯನ್ನು ಎದುರಿಗೆ ನೀವು ಅನ್ನುತ್ತೇನೆ, ಬೆನ್ನ ಹಿಂದೆ ಏಕವಚನ. ಎಲ್ಲ ಸೊಸೆಯರೂ ಹೀಗೇ, ನಾನು ಒಪ್ಪಿಕೊಳ್ಳುತ್ತೇನೆ ಅಷ್ಟೆ. ಅವಳ ಕೈಯ ವಿಷಯ ಹೇಳಬೇಕು. ಇಪ್ಪತ್ತೆರಡು ವರ್ಷ ಇದೇ ತೊಟ್ಟಿಯಲ್ಲಿ ಅವಳು ಒಡೆದ ಗಾಜು ತೊಳೆದಳು. ಅಂಗೈಯಲ್ಲಿ ಹುಟ್ಟಿನ ಗೆರೆ ಯಾವುದು, ಗಾಜು ಕೊಯ್ದ ಗೆರೆ ಯಾವುದು ಎಂದು ಈಗ ಯಾರೂ ಹೇಳಲಾರರು. ಕೊನೆಕೊನೆಗೆ ಬೆರಳಿಗೆ ಸ್ಪರ್ಶವೇ ತಿಳಿಯದಾಯಿತು. ಬೆರಳು ಕುಯ್ದುಕೊಂಡು ನೀರು ಕೆಂಪಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ, ನಾಳೆಯಿಂದ ಬರಬೇಡ ಅಂದರು. ಆಗಿನ ಮ್ಯಾನೇಜರನೊಬ್ಬ ಪುಣ್ಯಾತ್ಮ, ತೊಟ್ಟಿ ಪಕ್ಕದ ಮೂರಡಿ ನೆರಳಲ್ಲಿ ಬೇಕಾದರೆ ಕೂತು ನೀರು ಕೊಡು ಅಂದ. ಇವಳು ನೀರಿಗೆ ನಿಂಬೆ ಹಿಂಡಿದಳು. ಹುಳಿ ತಾಗಿ ಉರಿದಾಗ ಮಾತ್ರ ನನಗೆ ಬೆರಳಿದೆ ಅಂತ ಗೊತ್ತಾಗುತ್ತೆ ಕಣೇ, ಎಂದು ನಗುತ್ತಿದ್ದಳು. ಕುಡಿದವರು ಕೈಲಾದಷ್ಟು ಕೊಡುತ್ತಿದ್ದರು. ಆ ಮೂರಡಿ ನೆರಳೇ ಅವಳ ಆಸ್ತಿ.

ಅವಳ ಶರಬತ್ತು ಲೋಟದ ಲೆಕ್ಕದ್ದು. ಒಬ್ಬರಿಗೆ ಒಂದು ಲೋಟ, ಅವರು ಎದುರಿಗೆ ಬಂದು ನಿಂತ ಮೇಲೇ ಹಣ್ಣು ಕೊಯ್ಯುವುದು. ಮದುವೆಯಾದ ಹೊಸದರಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಅತ್ತೆ, ಒಂದೇ ಸಲ ಬಕೆಟ್ಟಿನಲ್ಲಿ ಮಾಡಿಟ್ಟರೆ ಸುಲಭವಲ್ಲವೇ ಎಂದಿದ್ದೆ.

"ಬಕೆಟ್ಟಲ್ಲಿ ಕಲಸಿಡೋದು ದನಕ್ಕೆ," ಅಂದಿದ್ದಳು. "ನಿನ್ನ ಗಂಡನೂ ಗೇಟಲ್ಲಿ ಕೂತಿರೋ ಸೋಮಾರಿನೂ ಒಂದೇ ಉಪ್ಪು ಕುಡೀತಾರೇನೇ?"

ಯಾರಾದರೂ ಬಂದರೆ ಮೊದಲು ಅವಳು ಹೇಳುತ್ತಿದ್ದುದು ಒಂದೇ ಮಾತು: "ಬೆನ್ನು ತೋರಿಸು." ಅವರು ತಿರುಗಿ ನಿಲ್ಲುತ್ತಿದ್ದರು. ಭಟ್ಟಿಯ ಮುಂದೆ ಬೆವರು ಒಣಗಿ ಒಣಗಿ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಒಂದು ಗೆರೆಯಿದ್ದರೆ ಒಂದು ಚಿಟಿಕೆ ಉಪ್ಪು. ಮೂರಿದ್ದರೆ ಮೂರು ಚಿಟಿಕೆ, ಜೊತೆಗೆ ಅರ್ಧ ಹಣ್ಣು ಹೆಚ್ಚಿಗೆ. ಹಣ್ಣನ್ನು ಬಲಗೈ ಹಿಂಡುತ್ತದೆ, ಕೆಳಗಿನ ಎಡಗೈ ಬೆರಳ ಸಂದಿಯಲ್ಲಿ ಬೀಜ ಹಿಡಿಯುತ್ತದೆ. ಸಿಪ್ಪೆಯ ಕಹಿ ಇಳಿಯುವ ಮುಂಚೆ ನಿಲ್ಲಿಸಬೇಕು. ಊಟದ ಬಿಡುವಿನಲ್ಲಿ ನಾನೂ ಕೈಜೋಡಿಸುತ್ತಿದ್ದೆ. ನನ್ನ ಬೆರಳ ಸಂದಿಯಲ್ಲಿ ಬೀಜ ನಿಂತದ್ದೇ ಇಲ್ಲ. ಎಂಟು ವರ್ಷದಿಂದ ದಿನವೂ ಅದೇ ಬೈಗುಳ. "ಬೀಜ ಬಿಟ್ಟೆಯಲ್ಲೇ ಹಾಳಾದೋಳೆ! ಕೈಯೋ ಅದು ತೂತು ಬಿದ್ದ ಜೋಳಿಗೆಯೋ?"

*

ಮೆಷಿನ್ನು ಬಂತು. ಕೆಂಪು ಪ್ಲಾಸ್ಟಿಕ್ಕಿನದು. ಮೈಮೇಲೆ ಕಲ್ಲಂಗಡಿಯಷ್ಟು ದೊಡ್ಡ ನಿಂಬೆಹಣ್ಣಿನ ಚಿತ್ರ, ಒಳಗೆ ನಿಂಬೆಯ ಸುಳಿವೂ ಇಲ್ಲ. ಮ್ಯಾನೇಜರನ ಭಾಮೈದ ಅದರ ಏಜೆಂಟು. ಮೆಷಿನ್ನಿನ ಜೊತೆ ಹಳದಿ ಪುಡಿಯ ಮೂಟೆಗಳನ್ನೂ ತಂದು ಉಗ್ರಾಣ ತುಂಬಿಸಿದ. ತಿಂಗಳಿಗಿಷ್ಟು ಖರ್ಚಾದರೆ ಮುಂದಿನ ಮೂಟೆ, ಇಲ್ಲದಿದ್ದರೆ ಇಲ್ಲ.

ನಾವು ಒಂದು ಸಲ ಕುಡಿದು ಬಿಟ್ಟೆವು. ಹಳೆಯ ಊದುಗಾರನೊಬ್ಬನಿದ್ದಾನೆ, ಮೂವತ್ತು ವರ್ಷ ಕೊಳವೆ ಊದಿ ಅವನ ಕೆನ್ನೆ ಇಳಿಯುವುದನ್ನೇ ಮರೆತಿದೆ. ಉಬ್ಬುಕೆನ್ನೆ ಅನ್ನುತ್ತೇವೆ. ಅವನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, ನೆಲಕ್ಕೆ ಉಗಿದು ಹೇಳಿದ: "ಇದನ್ನ ಕುಡಿಯೋ ಬದಲು ಪಾತ್ರೆ ತೊಳೆಯೋದು ವಾಸಿ."

ಪುಡಿ ಖರ್ಚಾಗಲಿಲ್ಲ. ಭಾಮೈದ ಗೊಣಗಿದ. ಮ್ಯಾನೇಜರ್ ಆಗ ಒಂದು ಉಪಾಯ ಹೂಡಿದ. ಆ ಪುಡಿ ಕುಡಿದರೆ ನಾಲಿಗೆ ಅರ್ಧ ದಿನ ಹಳದಿಯಾಗಿರುತ್ತಿತ್ತು. ಪಾಳಿ ಮುಗಿದಾಗ ಹೌದಪ್ಪ ಗೇಟಿನಲ್ಲಿ ನಿಲ್ಲುವುದು, ಎಲ್ಲರೂ ಕುಡಿದ್ರಾ ಎಂದು ಕೇಳುವುದು, ನಾವು ಸಾಲಾಗಿ ನಾಲಿಗೆ ತೋರಿಸಿ ಹೊರಗೆ ಹೋಗುವುದು. ಹಳದಿಯಾಗಿಲ್ಲದಿದ್ದರೆ ವಾಪಸ್ ಹೋಗಿ ಎರಡು ಲೋಟ ಕುಡಿದು ಬರಬೇಕು. ಮೊಮ್ಮಕ್ಕಳಿರುವ ಗಂಡಸರು, ಬಸುರಿಯರು, ಎಲ್ಲರೂ ಅವನ ಮುಂದೆ ಬಾಯಿ ತೆರೆದು ನಿಲ್ಲಬೇಕಿತ್ತು. ಹೌದಪ್ಪ ಟಾರ್ಚು ಬಿಟ್ಟು ನೋಡುತ್ತಿದ್ದ. ಮೊದಲ ದಿನ ಮನೆಗೆ ಬಂದು ನಾನು ಅತ್ತುಬಿಟ್ಟೆ.

ಎರಡನೆಯ ವಾರಕ್ಕೆ ಉಬ್ಬುಕೆನ್ನೆ ದಾರಿ ಹುಡುಕಿದ. ಗೇಟಿಗೆ ಬರುವಾಗ ಒಂದು ಚಿಟಿಕೆ ಪುಡಿ ನಾಲಿಗೆಗೆ ಉಜ್ಜಿಕೊಂಡರೆ ಸಾಕು. ಮೇಲಾಗಿ ಅವನು ನಾಲಿಗೆಯನ್ನು ಗದ್ದದವರೆಗೂ ಚಾಚಿ, ಕಣ್ಣು ಕಿಸಿದು, "ಆಆಆ... ಇನ್ನೂ ಒಳಗೆ ನೋಡ್ತೀರಾ ಸಾರ್?" ಎಂದು ಕೇಳತೊಡಗಿದ. ಬರುಬರುತ್ತ ಎಲ್ಲರೂ ಅದನ್ನೇ ಕಲಿತರು. ಮ್ಯಾನೇಜರ್ ಅಂಗಳದಲ್ಲಿ ಕಂಡರೂ ಸಾಕು, ಕೇಳದೆಯೇ ನಾಲಿಗೆ ಹೊರಗೆ. ಅವನು ಬೈಯುವ ಹಾಗೂ ಇಲ್ಲ, ಆಜ್ಞೆ ಅವನದೇ.

ಅತ್ತೆ ಗೇಟಿನ ಆಚೆ ಚರಂಡಿ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನೆರಳಿಲ್ಲ. ಪಾಳಿಯ ಮಧ್ಯೆ ನಮಗೆ ಹೊರಗೆ ಹೋಗುವ ಅಪ್ಪಣೆಯೂ ಇಲ್ಲ. ಅವಳು ಕಂಬಿಯ ಸಂದಿಯಿಂದ ದೂರದ ನಮ್ಮ ಬೆನ್ನುಗಳನ್ನು ನೋಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಮಗನ ಅಂಗಿ ಹಿಡಿದು, ನಾಲ್ಕು ಗೆರೆ ಬಂದಿದೆ ಕಣೋ, ನಾಲ್ಕು, ಅನ್ನುತ್ತಿದ್ದಳು. ಅವನು ಏನೂ ಆಗಲ್ಲ ಬಿಡವ್ವ ಅನ್ನುತ್ತಿದ್ದ.

ಐದನೆಯ ಗೆರೆ ಬಂದ ದಿನ ಅವನು ಕೊಳವೆ ಹಿಡಿದುಕೊಂಡೇ ಬಿದ್ದ. ಕೊಳವೆಯ ತುದಿಯ ಕಾದ ಗಾಜು ಅವನ ಕಾಲಿನಿಂದ ಒಂದು ಗೇಣು ದೂರದಲ್ಲಿ ನೆಲಕ್ಕೆ ಬಿತ್ತು. ನಾನು ಶೆಡ್ಡಿನಿಂದ ಓಡಿದೆ. ಮೀನಖಂಡ ಗಂಟು ಕಟ್ಟಿತ್ತು, ಕಣ್ಣು ಮೇಲೆ.

"ನಾಟಕ," ಅಂದ ಮ್ಯಾನೇಜರ್. "ಎಬ್ಬಿಸ್ರೋ ಬೋಳಿಮಗನ್ನ. ಆ ಮೆಷಿನ್ನಿಂದ ಒಂದು ಲೋಟ ಹಿಡಿದು ಮುಖಕ್ಕೆ ಹೊಡೀರಿ."

ಗೇಟಿನ ಆಚೆಯಿಂದ ಅತ್ತೆ ಕೂಗಿದ್ದು ಕೇಳಿಸಿತು. ಓಡಿ ಹೋದೆ. ಅವಳ ಕೈಯಲ್ಲಿ ಶರಬತ್ತು ತಯಾರಾಗಿತ್ತು. ಗೇಟಿನವನು ಬೀಗ ತೆಗೆಯಲಿಲ್ಲ. ನನ್ನ ಕೆಲಸ ಹೋಗುತ್ತೆ ಅಜ್ಜಿ, ಎಂದು ಅಳುವವನ ಹಾಗೆ ಹೇಳಿದ. ಲೋಟ ಕಂಬಿಯ ಸಂದಿಯಲ್ಲಿ ತೂರಲಿಲ್ಲ, ಸೊಟ್ಟ ಲೋಟ, ಹೊಟ್ಟೆ ದಪ್ಪ.

"ಬೊಗಸೆ ಹಿಡಿಯೇ!"

ಹಿಡಿದೆ. ಅವಳು ಸುರಿದಳು. ನಾನು ಅಂಗಳದ ಉದ್ದಕ್ಕೂ ಓಡಿದೆ. ತೂತು ಬಿದ್ದ ಜೋಳಿಗೆ ಅಂತ ಅವಳು ಬೈದದ್ದು ಸುಳ್ಳಲ್ಲ. ಅವನ ಹತ್ತಿರ ಬರುವಷ್ಟರಲ್ಲಿ ಉಳಿದಿದ್ದು ಒಂದು ಗುಟುಕು. ತುಟಿಗೆ ಬಿಟ್ಟೆ, ಬೆರಳು ಚೀಪಿಸಿದೆ. ಮತ್ತೆ ಓಡಿದೆ. ಹೀಗೆ ಆರು ಸಲವೋ ಏಳು ಸಲವೋ. ಅವನು ಕಣ್ಣು ಬಿಟ್ಟ. ಅಂಥ ಸಿಟ್ಟು ನನಗೆ ಹಿಂದೆ ಬಂದಿರಲಿಲ್ಲ, ಅದು ಇನ್ನೂ ಇಳಿದಿಲ್ಲ.

ಚೇತರಿಸಿಕೊಂಡು ಕೆಲಸಕ್ಕೆ ಬಂದ ಮೊದಲ ದಿನವೇ ನನ್ನ ಗಂಡ ಒಂದು ಲೋಟ ಊದಿದ. ಒಂದು ಕಡೆಗೆ ವಾಲಿದ್ದು, ತಳದಲ್ಲಿ ಗಾಳಿಗುಳ್ಳೆ. ಈ ಸಲ ಬೇಕೆಂದೇ ಮಾಡಿದ್ದು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿನೊಳಗೆ ಇಟ್ಟುಕೊಂಡೆ, ಸಂಜೆ ಅತ್ತೆಯ ಬುಟ್ಟಿಗೆ ಸೇರಿಸಿದೆ.

*

ದೂರದಿಂದ ಗಿರಾಕಿಗಳು ಬರುವ ದಿನ ಗೊತ್ತಾಯಿತು. ದೊಡ್ಡ ಕಂಪನಿಯವರಂತೆ. ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುವ ಕಾರ್ಖಾನೆಯಿಂದ ಮಾತ್ರ ಲೋಟ ಕೊಳ್ಳುತ್ತಾರಂತೆ. ಗೋಡೆಗೆ ಸುಣ್ಣ ಬಳಿದರು, ನಮಗೆ ಟೊಪ್ಪಿ ಕೊಟ್ಟರು, ಮೆಷಿನ್ನನ್ನು ಉಗ್ರಾಣದ ಕಿಂಡಿಯ ಮುಂದಿಟ್ಟು ಮೇಲೆ ಬಟ್ಟೆಯ ಫಲಕ ಕಟ್ಟಿದರು: ಕೈ ಮುಟ್ಟದ ಶುದ್ಧ ಪಾನೀಯ.

ಆ ದಿನ ಬೆಳಿಗ್ಗೆ ಮ್ಯಾನೇಜರ್ ಗುಂಡಿ ಒತ್ತಿದ. ಮೆಷಿನ್ನು ಗುಂಯ್ ಅಂತು. ದೀಪ ಹತ್ತಿತು. ನಲ್ಲಿಯಿಂದ ಒಂದು ಹನಿಯೂ ಬರಲಿಲ್ಲ. ಪುಡಿ ಗಟ್ಟಿಯಾಗಿ ಒಳಗಿನ ಕೊಳವೆಯಲ್ಲೇ ಕಲ್ಲಾಗಿತ್ತು. ಭಾಮೈದನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಹೌದಪ್ಪ ಪುಡಿಯನ್ನೇ ಬಕೆಟ್ಟಿಗೆ ಕಲಸಿ ತಂದ. ಮ್ಯಾನೇಜರ್ ತಾನೇ ಒಂದು ಗುಟುಕು ಕುಡಿದು ನೋಡಿದ. ಅಷ್ಟು ದಿನದಲ್ಲಿ ಅವನು ಅದನ್ನು ಕುಡಿದದ್ದು ಅದೇ ಮೊದಲು. ಮೂಲೆಗೆ ಹೋಗಿ ಉಗಿದು ಬಂದ.

ಒಂದು ಗಳಿಗೆಗೆಲ್ಲ ಹೌದಪ್ಪ ನನ್ನ ಹತ್ತಿರ ಹಲ್ಲು ಕಿರಿಯುತ್ತ ಬಂದ. "ನಿಮ್ಮತ್ತೆ ಎಲ್ಲಿ, ತಂಗೀ?"

ನಾನು ಅವನ ತಂಗಿಯಾದದ್ದು ಯಾವಾಗ ಎಂದು ಕೇಳಲು ಹೊತ್ತಿರಲಿಲ್ಲ.

ಹಿಂದಿನ ಬಾಗಿಲಿನಿಂದ ಅತ್ತೆಯನ್ನೂ ಅವಳ ಬುಟ್ಟಿಯನ್ನೂ ಉಗ್ರಾಣದೊಳಗೆ ಸೇರಿಸಿದರು. ಜೊತೆಗೆ ನಾನು. ಏರ್ಪಾಡು ಸರಳ: ಹೊರಗೆ ಮ್ಯಾನೇಜರ್ ಗುಂಡಿ ಒತ್ತುತ್ತಾನೆ, ಮೆಷಿನ್ನು ಗುಂಯ್ ಅನ್ನುತ್ತದೆ, ಅದರ ಹಿಂದಿನ ಕಿಂಡಿಯಿಂದ ನಾವು ತುಂಬಿದ ಲೋಟ ಜರುಗಿಸುತ್ತೇವೆ, ಹೌದಪ್ಪ ಅಡ್ಡ ನಿಂತು ಎತ್ತಿಕೊಡುತ್ತಾನೆ.

"ಸೋಪು ಹಾಕಿ ಮೊಣಕೈ ತನಕ ತೊಳ್ಕೋ," ಮ್ಯಾನೇಜರ್ ಮೂಗು ಮುಚ್ಚಿಕೊಂಡೇ ಹೇಳಿದ. "ಉಸಿರೆತ್ತಬೇಡ. ಮುಖ ಕಾಣಿಸಬಾರದು, ಕೈಯಂತೂ ಕಾಣಿಸಲೇಬಾರದು. ಕೆಲಸದೋರಿಗೂ ಒಂದೊಂದು ಲೋಟ ಕೊಡ್ಬೇಕು, ಅವ್ರು ಕುಡಿಯೋದನ್ನ ನೋಡ್ಬೇಕಂತೆ."

"ಆಯ್ತು ಸ್ವಾಮಿ. ನಾಳೆಯಿಂದ ನನ್ನ ಜಾಗ?"

"ನೋಡೋಣ."

"ನೋಡೋಣ," ಅಂದ ಹೌದಪ್ಪ. ಬಾಗಿಲು ಹಾಕಿಕೊಂಡು ಹೋದರು. ಬಾಗಿಲಾಚೆಯಿಂದ ಮ್ಯಾನೇಜರನ ದನಿ ಸ್ಪಷ್ಟವಾಗಿ ಕೇಳಿತು: "ಅವ್ರ ಕಾರು ತಿರುಗಿದ ತಕ್ಷಣ ಮುದುಕೀನ ಆಚೆ ಹಾಕು. ಬುಟ್ಟಿಗೆ ಬೆಂಕಿ ಇಡು."

ಅತ್ತೆ ಸಾಲಾಗಿ ಇಟ್ಟಿದ್ದ ಹೊಸ ಲೋಟಗಳನ್ನು ನೋಡಿದಳು. ಒಂದೂ ಸೊಟ್ಟಗಿರಲಿಲ್ಲ. ಹಣ್ಣು ಕೊಯ್ದು ನನ್ನ ಮುಂದಿಟ್ಟಳು.

"ನೀನೇ ಹಿಂಡು."

"ನಾನಾ? ಬೀಜ ಬೀಳುತ್ತೆ ಅತ್ತೆ."

"ಬೀಳ್ಲಿ ಅಂತಾನೇ ಹೇಳ್ತಿರೋದು ಕಣೇ ದಡ್ಡಿ. ಎಂಟು ವರ್ಷದಿಂದ ಬೈದಿದ್ದೀನಿ, ಇವತ್ತು ನಿನ್ನ ಕೈಗುಣ ತೋರಿಸು. ಪುಡಿಯಲ್ಲಿ ಬೀಜ ಇರುತ್ತೇನೇ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆ ಸಕ್ಕರೆ ಹಾಕಿದಳು, ಉಪ್ಪು ಹಾಕಿದಳು, ಪ್ರತಿ ಲೋಟದಲ್ಲೂ ಒಂದೇ ಒಂದು ಬೀಜ ಉಳಿಯುವಂತೆ ಉಳಿದದ್ದನ್ನು ಚಮಚದಲ್ಲಿ ತೆಗೆದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೆ. ಇಬ್ಬರಿಗೂ ಒಟ್ಟಿಗೇ ಕಾಲ ಬರಬಹುದೆಂದು ಯಾರೂ ಹೇಳಿರಲಿಲ್ಲ.

"ಕೆಲಸದೋರ ತಟ್ಟೆ ನೀನೇ ತಗೊಂಡು ಹೋಗು," ಅಂದಳು. "ಒಬ್ಬೊಬ್ಬರ ಕಿವೀಲೂ ಹೇಳು. ಬೀಜ ನುಂಗಬೇಡಿ, ಉಗೀಲೂಬೇಡಿ. ಬಾಯಲ್ಲೇ ಇಟ್ಕೊಂಡಿರಿ ಅಂತ."

*

ಬಂದವರು ನಾಲ್ಕು ಜನ. ಅವರಲ್ಲಿ ದಪ್ಪ ಕನ್ನಡಕದ ಮೇಡಮ್ಮೇ ಮುಖ್ಯಸ್ಥೆ ಎಂದು ಗೊತ್ತಾಗುತ್ತಿತ್ತು, ಕಾರ್ಖಾನೆಯ ಯಜಮಾನರು ಅವರ ಚಪ್ಪಲಿಗೂ ಕೈಮುಗಿಯುವ ಹಾಗೆ ಬಾಗಿ ನಡೆಯುತ್ತಿದ್ದರು. ಯಜಮಾನರನ್ನು ನಾವು ವರ್ಷಕ್ಕೊಮ್ಮೆ ನೋಡುತ್ತೇವೆ. ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಭಟ್ಟಿಯಿಂದ ಹತ್ತು ಮಾರು ದೂರವೇ ನಿಂತು ಇದು ನಮ್ಮ ಭಟ್ಟಿ ಎಂದು ತೋರಿಸಿದರು.

ನಾವು ಅರವತ್ತು ಜನ ಟೊಪ್ಪಿ ಹಾಕಿಕೊಂಡು ಸಾಲಾಗಿ ನಿಂತಿದ್ದೆವು. ಎಲ್ಲರಿಗೂ ಲೋಟ ಕೊಟ್ಟು, ಕಿವಿಯಲ್ಲಿ ಹೇಳಿ, ನಾನೂ ಗಂಡನ ಪಕ್ಕ ಸೇರಿಕೊಂಡೆ.

"ಇದರಲ್ಲಿ ಮನುಷ್ಯರ ಕೈಯೇ ಸೋಕಲ್ಲ ಮೇಡಂ," ಅಂದ ಮ್ಯಾನೇಜರ್. ಗುಂಡಿ ಒತ್ತಿದ. ಗುಂಯ್. ಹೌದಪ್ಪ ಮೈಯಗಲಿಸಿ ನಿಂತು, ಹಿಂದಕ್ಕೆ ಕೈಹಾಕಿ ನಾಲ್ಕು ಲೋಟ ತಂದ, ಯಜಮಾನರಿಗೆ ಐದನೆಯದು. "ಶುದ್ಧ ಪುಡಿ, ಶುದ್ಧ ನೀರು. ಅಷ್ಟೇ."

ಮೇಡಂ ಕುಡಿದರು. ಬಿಸಿಲಿಗೆ ಬಂದವರು, ಒಂದೇ ಗುಟುಕಿಗೆ ಅರ್ಧ ಮುಗಿಸಿದರು. "ಬಹಳ ಚೆನ್ನಾಗಿದೆ," ಅಂದರು. ಇನ್ನೊಂದು ಗುಟುಕು. ತಟಕ್ಕನೆ ನಿಂತು, ತುಟಿಯಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು.

"ಪುಡಿಯಿಂದ ಮಾಡಿದ್ದು ಅಂದ್ರಲ್ಲ?"

"ಹೌದು ಮೇಡಂ."

"ಇದು ಬೀಜ."

ಮ್ಯಾನೇಜರನ ಮುಖದಲ್ಲಿ ಹತ್ತು ಬಣ್ಣ ಬಂದು ಹೋಯಿತು. ಆದರೂ ಆಸಾಮಿಯನ್ನು ಮೆಚ್ಚಬೇಕು. "ಅದು... ಹೊಸ ಟೆಕ್ನಿಕ್ಕು ಮೇಡಂ. ಹಣ್ಣಿಂದೇ ಅಂತ ಅನ್ನಿಸ್ಲಿ ಅಂತ ಬೀಜ ಹಾಕಿರ್ತಾರೆ. ಲೋಟಕ್ಕೊಂದು."

"ಹೌದು ಮೇಡಂ," ಅಂದ ಹೌದಪ್ಪ. "ಮೆಷಿನ್ನೇ ಎಣಿಸಿ ಹಾಕುತ್ತೆ."

ಯಜಮಾನರು ತಮ್ಮ ಬಾಯಲ್ಲಿದ್ದುದನ್ನು ಗುಳುಕ್ಕನೆ ನುಂಗಿದರು. ಉಳಿದ ಮೂವರು ಅತಿಥಿಗಳೂ ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಮೇಡಂ ನಮ್ಮ ಕಡೆ ತಿರುಗಿದರು. "ನಿಮಗೂ ದಿನಾ ಇದೇ ಕೊಡ್ತಾರಾ?"

ಯಾರೂ ಉತ್ತರಿಸಲಿಲ್ಲ. ಬಾಯಿ ತೆರೆಯುವ ಹಾಗಿರಲಿಲ್ಲ. ಮ್ಯಾನೇಜರನಿಗೆ ಬೇಗ ಮುಗಿಸಿದರೆ ಸಾಕಾಗಿತ್ತು. ಗಾಬರಿಯಲ್ಲಿ ಅವನ ಬಾಯಿಂದ ಗೇಟಿನ ದಿನನಿತ್ಯದ ಮಾತೇ ಬಂತು.

"ಎಲ್ಲರೂ ಕುಡಿದ್ರಾ?"

ಅರವತ್ತು ನಾಲಿಗೆಗಳು ಹೊರಗೆ ಬಂದವು. ಗದ್ದದವರೆಗೆ. ಒಂದೂ ಹಳದಿಯಿರಲಿಲ್ಲ. ಒಂದೊಂದರ ಮೇಲೂ ಒಂದೊಂದು ಬೀಜ. ಉಬ್ಬುಕೆನ್ನೆಯಂತೂ ಕಣ್ಣು ಕಿಸಿದು, ಮೇಡಂಗೆ ಚೆನ್ನಾಗಿ ಕಾಣಲಿ ಎಂದು ಒಂದು ಹೆಜ್ಜೆ ಮುಂದೆ ಬಂದು ಬಾಗಿದ.

ಮೆಷಿನ್ನು ಗುಂಯ್ ಅನ್ನುತ್ತಲೇ ಇತ್ತು. ಯಾರೋ ಅದರ ವೈರು ಕಿತ್ತರು. ಆ ಮೌನದಲ್ಲಿ ಬಟ್ಟೆಯ ಫಲಕ ಅಲುಗಿತು. ಕಿಂಡಿಯಿಂದ ಒಂದು ಕೈ ಹೊರಗೆ ಬಂತು, ಒದ್ದೆ ಕೈ, ಮೊಣಕೈವರೆಗೂ ಗೆರೆಗೆರೆ. ಅದರಲ್ಲಿ ತುಂಬಿದ ಲೋಟ. ಒಂದು ಕಡೆಗೆ ವಾಲಿದ್ದು, ತಳದಲ್ಲಿ ಗಾಳಿಗುಳ್ಳೆ. ನನ್ನ ಗಂಡ ಅದನ್ನು ಗುರುತಿಸಿ ನನ್ನ ಕೈ ಹಿಡಿದುಕೊಂಡ.

"ಇದು ಯಾರ ಕೈ?" ಅಂದರು ಮೇಡಂ.

"ಒಳಗೆ ತಗೊಳ್ಳೇ," ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಒಳಗೆ ತಗೊಳ್ಳೇ, ನಿನ್ನ..."

ಕೈ ಒಳಗೆ ಹೋಗಲಿಲ್ಲ. ಲೋಟದಿಂದ ಒಂದು ಹನಿಯೂ ತುಳುಕಲಿಲ್ಲ.

"ಯಜಮಾನ್ರೇ," ಕಿಂಡಿಯೊಳಗಿಂದ ಅತ್ತೆಯ ದನಿ ಕೇಳಿತು, ದಿನವೂ ನಮ್ಮನ್ನು ಕರೆಯುತ್ತಿದ್ದ ಅದೇ ದನಿ. "ಒಂದ್ಸಲ ಬೆನ್ನು ತೋರಿಸಿ. ಇದಕ್ಕಿನ್ನೂ ಉಪ್ಪು ಹಾಕಿಲ್ಲ. ಎಷ್ಟು ಹಾಕ್ಬೇಕು ನೋಡ್ತೀನಿ."

"ಹೌದು ಸಾರ್, ತೋರಿಸಿ," ಅಂದ ಹೌದಪ್ಪ. ಅಂದ ಮೇಲೆ ಬಾಯಿ ಮುಚ್ಚಿಕೊಂಡ.

ಏನು ನಡೆಯುತ್ತಿದೆ ಎಂದು ತಿಳಿಯದೆ ಯಜಮಾನರು ಮ್ಯಾನೇಜರನ ಕಡೆಗೆ ತಿರುಗಿದರು. ಬೆನ್ನು ಕಿಂಡಿಗೆ ಬಂತು. ಇಸ್ತ್ರಿಯ ಮಡಿಕೆ ಬಿಟ್ಟರೆ ಆ ಬಿಳಿ ಅಂಗಿಯ ಮೇಲೆ ಒಂದು ಗೆರೆಯೂ ಇರಲಿಲ್ಲ.

"ಇವ್ರಿಗೆ ಬೇಡ ಬಿಡು," ಅತ್ತೆ ಒಳಗಿನಿಂದ ಅಂದಳು. ಲೋಟ ಹಿಡಿದ ಕೈ ನಿಧಾನವಾಗಿ ನಮ್ಮ ಕಡೆಗೆ ತಿರುಗಿತು. "ಮುಂದಿನೋರು ಯಾರು? ಬನ್ನಿ, ಬೆನ್ನು ತೋರಿಸಿ."

ನಾಲಿಗೆ ಒಳಗೆಳೆದುಕೊಳ್ಳದೆಯೇ ನಾವು ಅರವತ್ತು ಜನ ಸಾಲು ನಿಂತೆವು.